ಕೆಂಪು ಸಾಲಿನ ನಡುವೆ ಹಳದಿ ಗಿಡ: ಬಣ್ಣವು ಗಮನವನ್ನು ನಡೆಸುವ ಬಗೆ ಕುರಿತ ಒಂದು ಪ್ರಕರಣ ಅಧ್ಯಯನ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಒಂದು ಮಧ್ಯಮ ಗಾತ್ರದ ಅರೇಬಿಕಾ ಕಾಫಿ ತೋಟದಲ್ಲಿ, ಕೊಯ್ಲಿನ ಎರಡನೆಯ ಸುತ್ತು ನಡೆಯುತ್ತಿದ್ದಾಗ, ಒಂದು ಬ್ಲಾಕಿನಿಂದ ಬಂದ ಚೀಲಗಳಲ್ಲಿ ಮಾತ್ರ ಕಾಯಿಯ ಪಾಲು ಏರತೊಡಗಿತು. ಕೊಯ್ದವರು ಬೇರೆಯವರಲ್ಲ. ಹಿಂದಿನ ದಿನ ಪಕ್ಕದ ಬ್ಲಾಕಿನಿಂದ ಒಂದೇ ಸಮನಾದ ಕೆಂಪು ಹಣ್ಣು ತಂದಿದ್ದ ಅದೇ ತಂಡ, ಅದೇ ಮೇಸ್ತ್ರಿ, ಅದೇ ಕೂಲಿ. ಇನ್ನೂ ವಿಚಿತ್ರವೆಂದರೆ, ಕಾಯಿ ಕಿತ್ತು ತಂದಿದ್ದ ಆ ಸಾಲುಗಳಲ್ಲೇ ಪೂರ್ತಿ ಮಾಗಿದ ಹಣ್ಣು ಕೊಯ್ಯದೆ ಉಳಿದಿತ್ತು. ಅವಸರದಲ್ಲಿ ಕೊಯ್ದವರು ಕಾಯಿ ಹಣ್ಣು ಎರಡನ್ನೂ ಸವರಿಕೊಂಡು ಬರುತ್ತಾರೆಯೇ ಹೊರತು, ಕಾಯಿಯನ್ನು ಕಿತ್ತು ಹಣ್ಣನ್ನು ಬಿಟ್ಟು ಬರುವುದಿಲ್ಲ. ತೋಟದ ಮಾಲೀಕರು ನನ್ನ ಬಂಧುಗಳು, ನಾನು ಮನಶ್ಶಾಸ್ತ್ರ ಪಾಠ ಮಾಡುವವನು. ಆಳುಗಳ ಮೇಲೆ ರೇಗುವ ಮೊದಲು ಒಮ್ಮೆ ಬಂದು ನೋಡು ಎಂದು ಅವರು ಕರೆದದ್ದರಿಂದ ಈ ಪ್ರಕರಣ ನನ್ನ ಮುಂದೆ ಬಂದಿತು.

ಹಿನ್ನೆಲೆ

ತೋಟದ ಬಹುಭಾಗದಲ್ಲಿರುವುದು ಎಸ್. 795. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಈ ತಳಿಯ ಹಣ್ಣು ಮಾಗಿದಾಗ ಕೆಂಪಾಗುತ್ತದೆ. ಬಿಳಿ ಕಾಂಡ ಕೊರಕ ಹುಳುವಿನ ಹಾವಳಿಯಿಂದ ಈ ಬ್ಲಾಕಿನಲ್ಲಿ ಅಲ್ಲಲ್ಲಿ ಗಿಡಗಳು ಸತ್ತಿದ್ದವು. ಅವುಗಳನ್ನು ಕಿತ್ತು ಸುಟ್ಟ ಮೇಲೆ ಉಳಿದ ಖಾಲಿ ಜಾಗಗಳಲ್ಲಿ ಮಾಲೀಕರು ಕೆಲವು ವರ್ಷಗಳ ಹಿಂದೆ ಹಳದಿ ಕಟುವಾಯಿ ಸಸಿಗಳನ್ನು ನೆಟ್ಟಿದ್ದರು. ಕಟುವಾಯಿ ಬ್ರೆಜಿಲಿನ ಕಂಪಿನಾಸ್ ನಗರದ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಮುಂಡೋ ನೋವೋ ಮತ್ತು ಕತುರ್ರಾ ತಳಿಗಳನ್ನು ಕೂಡಿಸಿ ಪಡೆದ ಗಿಡ್ಡ ತಳಿ. ಅದರ ಹಳದಿ ಬಗೆಯಲ್ಲಿ ಹಣ್ಣಿನ ಸಿಪ್ಪೆಗೆ ಕೆಂಪು ಕೊಡುವ ಆಂಥೋಸಯನಿನ್ ಕೂಡಿಕೊಳ್ಳುವುದಿಲ್ಲ. ಹೀಗಾಗಿ ಹಸಿರು ಕಳೆದ ಮೇಲೆ ಹಣ್ಣು ಹಳದಿಯಲ್ಲೇ ನಿಲ್ಲುತ್ತದೆ.

ಆ ವರ್ಷ ಈ ಹೊಸ ಗಿಡಗಳು ಮೊದಲ ಬಾರಿಗೆ ಹೊರೆಗಟ್ಟಲೆ ಫಸಲು ಕೊಟ್ಟಿದ್ದವು. ಗಿಡದಿಂದ ಗಿಡಕ್ಕೆ ರೆಂಬೆಗಳು ಒಂದರೊಳಗೊಂದು ನುಗ್ಗಿಕೊಂಡಿದ್ದರಿಂದ, ಕೊಯ್ಯುವವಳು ಒಂದು ಕಡೆ ನಿಂತು ನೋಡಿದರೆ ಎತ್ತರದ ಕೆಂಪು ಗಿಡವೂ ಅದರ ಮಗ್ಗುಲಿನ ಗಿಡ್ಡ ಹಳದಿ ಗಿಡವೂ ಒಟ್ಟಿಗೆ ಕಣ್ಣಿಗೆ ಬೀಳುತ್ತಿದ್ದವು.

ಕಾಫಿ ತೋಟದ ಪರಿಚಯವಿಲ್ಲದ ಓದುಗರಿಗೆ ಒಂದು ಮಾತು. ಬೇಸಿಗೆಯ ಹೂಮಳೆ ಒಂದೇ ಸಲಕ್ಕೆ ಬಿದ್ದು ಮುಗಿಯುವುದಿಲ್ಲವಾದ್ದರಿಂದ ಹೂವೂ ಒಂದೇ ಸಲಕ್ಕೆ ಅರಳುವುದಿಲ್ಲ, ಹಣ್ಣೂ ಒಂದೇ ಸಲಕ್ಕೆ ಮಾಗುವುದಿಲ್ಲ. ಒಂದೇ ಗೊಂಚಲಿನಲ್ಲಿ ಹಸಿರು ಕಾಯಿ, ಹಳದಿಗೆ ತಿರುಗಿದ ದೋರೆಗಾಯಿ, ಕಿತ್ತಳೆ ಬಣ್ಣದ್ದು, ಕೆಂಪು ಹಣ್ಣು, ಕಪ್ಪಾಗಿ ಒಣಗಿದ್ದು ಎಲ್ಲವೂ ಇರುತ್ತವೆ. ಅರೇಬಿಕಾವನ್ನು ಪಲ್ಪರಿಗೆ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ) ಹಾಕಿ ಪಾರ್ಚ್‌ಮೆಂಟ್ (ಒಳಪೊರೆಯುಳ್ಳ ಒಣ ಬೀಜ) ಮಾಡಬೇಕಾದರೆ ಮಾಗಿದ್ದನ್ನಷ್ಟೇ ಆರಿಸಿ ಕೊಯ್ಯಬೇಕು. ಕಾಯಿಯ ಸಿಪ್ಪೆ ಪಲ್ಪರಿನಲ್ಲಿ ಸರಿಯಾಗಿ ಬಿಡುವುದಿಲ್ಲ, ಬೀಜ ತರಚುತ್ತದೆ, ಕೊನೆಗೆ ಬಟ್ಟಲಿನಲ್ಲಿ ಒಗರಾಗಿ ಹೊರಬರುತ್ತದೆ. ಆದ್ದರಿಂದ ಕೊಯ್ಲೆಂದರೆ ಕೈಯ ಕೆಲಸವಾಗಿರುವಷ್ಟೇ ಕಣ್ಣಿನ ಕೆಲಸ. ದಿನವಿಡೀ ಸಾವಿರಾರು ಸಲ ‘ಇದು ಬೇಕು, ಇದು ಬೇಡ’ ಎಂದು ಆರಿಸುವ ಕೆಲಸ ಅದು.

ಮೊದಲು ಬಂದ ವಿವರಣೆಗಳು

ತೋಟದ ಲೆಕ್ಕ ನೋಡಿಕೊಳ್ಳುವ ರೈಟರು ಕೊಟ್ಟ ಕಾರಣ ಸೋಮಾರಿತನ. ಈ ತೋಟದಲ್ಲಿ ದಿನಗೂಲಿಯ ಜೊತೆಗೆ, ನಿಗದಿತ ತೂಕ ಮೀರಿದ ಹಣ್ಣಿಗೆ ಕಿಲೋ ಲೆಕ್ಕದಲ್ಲಿ ಹೆಚ್ಚುವರಿ ಹಣ ಕೊಡುವ ಪದ್ಧತಿಯಿದೆ. ತೂಕಕ್ಕಾಗಿ ಕಾಯಿ ಕಿತ್ತಿದ್ದಾರೆ ಎಂಬುದು ಅವರ ವಾದ. ಆದರೆ ತೂಕವೇ ಬೇಕಿದ್ದವರು ಕಣ್ಣೆದುರಿಗಿದ್ದ ಮಾಗಿದ ಹಣ್ಣನ್ನು ಬಿಟ್ಟದ್ದೇಕೆ ಎಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿರಲಿಲ್ಲ. ಅಲ್ಲದೆ ಅದೇ ಕೂಲಿ ಪದ್ಧತಿ ಪಕ್ಕದ ಬ್ಲಾಕಿಗೂ ಇತ್ತು.

ಎರಡನೆಯದು ಬಣ್ಣಗುರುಡು. ಕೆಂಪು–ಹಸಿರು ವ್ಯತ್ಯಾಸ ಸರಿಯಾಗಿ ತಿಳಿಯದ ದೋಷ ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ನೂರಕ್ಕೆ 8 ಮಂದಿಯಲ್ಲಿದೆ, ಹೆಂಗಸರಲ್ಲಿ ನೂರಕ್ಕೆ ಅರ್ಧ ಮಾತ್ರ. ಈ ತಂಡದಲ್ಲಿ ಹೆಚ್ಚಿನವರು ಹೆಂಗಸರು. ಅದಕ್ಕಿಂತ ಮುಖ್ಯವಾಗಿ, ಹಿಂದಿನ ದಿನ ಕೆಂಪನ್ನು ಹಸಿರಿನಿಂದ ತಪ್ಪಿಲ್ಲದೆ ಬೇರ್ಪಡಿಸಿದ್ದವರೂ ಇವರೇ. ಹಾಗಾಗಿ ಆ ದಾರಿಯಲ್ಲಿ ಮುಂದುವರಿಯುವ ಅಗತ್ಯ ಬೀಳಲಿಲ್ಲ.

ಸಂಜೆ ತೂಕ ಹಾಕುವ ಹೊತ್ತಿನಲ್ಲಿ ಮೇಸ್ತ್ರಿ ಒಬ್ಬ ಹಿರಿಯ ಹೆಂಗಸಿನ ಚೀಲ ಕೊಡವಿ, “ಏನಮ್ಮಾ ಇದು, ಇಷ್ಟು ವರ್ಷದಿಂದ ಕೊಯ್ತಾ ಇದೀಯ, ಕಾಯಿ ಯಾವ್ದು ಹಣ್ಣು ಯಾವ್ದು ಗೊತ್ತಾಗಲ್ವಾ?” ಎಂದು ಕೇಳಿದರು. ಆಕೆ ಸಿಟ್ಟಿನಿಂದಲೇ ಹೇಳಿದರು: “ಆ ಗಿಡದಲ್ಲಿ ಹಳದಿ ಇದ್ರೆ ಹಣ್ಣು ಅಂತೀರಿ, ಈ ಗಿಡದಲ್ಲಿ ಹಳದಿ ಇದ್ರೆ ಕಾಯಿ ಅಂತೀರಿ. ನನಗೆ ಗೊತ್ತಾಗ್ತದೆ ಮೇಸ್ತ್ರಿ, ಕೈಗೆ ಗೊತ್ತಾಗ್ಬೇಕಲ್ಲ?” ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆ ನಡೆದ ವಾದದ ತಿರುಳು ಈ ಎರಡು ವಾಕ್ಯಗಳಲ್ಲಿ ಇದೆಯೆಂದು ನನಗೆ ಆಗಲೇ ಅನ್ನಿಸಿತ್ತು. ಮುಂದೆ ಬರೆದಿರುವುದರಲ್ಲಿ ಹೆಚ್ಚಿನದು ಆಕೆಯ ಮಾತಿನ ವಿಸ್ತರಣೆ.

ಸಾಲಿನಲ್ಲಿ ನಿಂತು ನೋಡಿದಾಗ

ಮರುದಿನ ನಾನು ಕೊಯ್ಯುವವರ ಎದುರಿನಿಂದ, ಅವರ ಕಣ್ಣೂ ಕೈಯೂ ಕಾಣುವಂತೆ ಗಿಡದ ಆಚೆ ಬದಿಯಲ್ಲಿ ನಿಂತುಕೊಂಡೆ. ಕೆಂಪು ಗಿಡದ ಮುಂದೆ ಅವರ ಕೆಲಸಕ್ಕೆ ಒಂದು ಓಟವಿತ್ತು. ಎಡಗೈ ರೆಂಬೆಯನ್ನು ಬಗ್ಗಿಸಿ ಹಿಡಿಯುತ್ತಿತ್ತು, ಬಲಗೈಯ ಹೆಬ್ಬೆರಳು ತೋರುಬೆರಳು ಹಣ್ಣನ್ನು ತಿರುಚಿ ಬಿಡಿಸುತ್ತಿದ್ದವು, ಅಷ್ಟರಲ್ಲಿ ಕಣ್ಣು ಮುಂದಿನ ಗೆಣ್ಣಿಗೆ ಹೋಗಿ ಆಗಿರುತ್ತಿತ್ತು. ಕಣ್ಣು ಯಾವಾಗಲೂ ಕೈಗಿಂತ ಒಂದು ಹೆಜ್ಜೆ ಮುಂದೆ.

ಹಳದಿ ಗಿಡಕ್ಕೆ ಬಂದೊಡನೆ ಆ ಓಟ ಮುರಿಯುತ್ತಿತ್ತು. ಕೈ ಗೊಂಚಲಿನ ಮೇಲೆ ಬಂದು ನಿಲ್ಲುತ್ತಿತ್ತು. ಹಣ್ಣನ್ನು ಬೆರಳಿನಿಂದ ಹೊರಳಿಸಿ ಹಿಂಬದಿ ನೋಡುತ್ತಿದ್ದರು. ಬೆಳಕಿಗೆ ಮುಖ ಮಾಡಿದ ಬದಿ ಹಳದಿಯಾಗಿದ್ದು ಗೊಂಚಲಿನ ಒಳಬದಿ ಇನ್ನೂ ಹಸಿರಾಗಿಯೇ ಇರುವುದು ಇಲ್ಲಿ ಸಾಮಾನ್ಯ. ಕೆಲವರು ಹಿಸುಕಿ ನೋಡುತ್ತಿದ್ದರು, ಮಾಗಿದ್ದರೆ ಮೆತ್ತಗಾಗಿ ಬೀಜ ಜಾರಿ ಹೊರಬರುತ್ತದೆ. ಇಷ್ಟು ಮಾಡಿ ಮತ್ತೆ ಪಕ್ಕದ ಕೆಂಪು ಗಿಡಕ್ಕೆ ಹೊರಳಿದಾಗ, ಮೊದಲ ಕೆಲವು ಗೊಂಚಲುಗಳಲ್ಲಿ ಹಳದಿ ದೋರೆಗಾಯಿಗಳು ಹಣ್ಣಿನ ಜೊತೆ ಚೀಲಕ್ಕೆ ಬೀಳುತ್ತಿದ್ದವು. ತಪ್ಪುಗಳು ಬ್ಲಾಕಿನ ತುಂಬ ಹರಡಿರಲಿಲ್ಲ. ಒಂದು ಬಗೆಯ ಗಿಡದಿಂದ ಇನ್ನೊಂದು ಬಗೆಯ ಗಿಡಕ್ಕೆ ದಾಟುವ ಜಾಗಗಳಲ್ಲಿ ಗುಂಪುಗಟ್ಟಿದ್ದವು. ಈ ಪ್ರಕರಣದಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಯುಳ್ಳ ಸುಳಿವು ಇದೇ.

ವಿಶ್ಲೇಷಣೆ

ಬಣ್ಣ ತನ್ನಷ್ಟಕ್ಕೆ ತಾನೇ ಕಣ್ಣನ್ನು ಸೆಳೆಯುತ್ತದೆ, ಕೆಂಪು ಎಲ್ಲಕ್ಕಿಂತ ಹೆಚ್ಚು ಸೆಳೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅದರಲ್ಲಿ ಅರ್ಧ ನಿಜವಿದೆ. 1980ರಲ್ಲಿ ಮನಶ್ಶಾಸ್ತ್ರಜ್ಞರಾದ ಆನ್ ಟ್ರೀಸ್ಮನ್ ಮತ್ತು ಗ್ಯಾರಿ ಗೆಲಾಡ್ ತೋರಿಸಿದ ಹಾಗೆ, ಸುತ್ತಲಿನವುಗಳಿಗಿಂತ ಬಣ್ಣದಲ್ಲಿ ಸ್ಪಷ್ಟವಾಗಿ ಬೇರೆಯಾದ ಒಂದು ವಸ್ತುವನ್ನು ಹುಡುಕುವಾಗ, ಸುತ್ತಲಿನ ವಸ್ತುಗಳ ಸಂಖ್ಯೆ ಹೆಚ್ಚಾದರೂ ಹುಡುಕುವ ಸಮಯ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಣ್ಣ ಮತ್ತು ಆಕಾರ ಎರಡನ್ನೂ ಕೂಡಿಸಿ ನೋಡಬೇಕಾದ ಗುರಿಯಾದರೆ ಸಂಖ್ಯೆ ಏರಿದಂತೆ ಸಮಯವೂ ಏರುತ್ತದೆ. ಹಸಿರು ಎಲೆಗಳ ನಡುವಿನ ಕೆಂಪು ಹಣ್ಣು ಮೊದಲನೆಯ ಬಗೆಯದು.

ಆದರೆ ಇನ್ನುಳಿದ ಅರ್ಧವೇ ಇಲ್ಲಿ ಮುಖ್ಯ. ಹುಡುಕುವ ವಸ್ತುವಿನ ಬಣ್ಣ ಮೊದಲೇ ಗೊತ್ತಿದ್ದರೆ, ಹುಡುಕಾಟದ ಸಮಯವನ್ನು ಹೆಚ್ಚಾಗಿ ನಿರ್ಧರಿಸುವುದು ಅದೇ ಬಣ್ಣದ ವಸ್ತುಗಳ ಸಂಖ್ಯೆ, ಉಳಿದ ಬಣ್ಣದವುಗಳ ಮೇಲೆ ಕಣ್ಣು ಹೆಚ್ಚು ಕಾಲ ಕಳೆಯುವುದಿಲ್ಲ ಎಂದು ಬರ್ಟ್ ಗ್ರೀನ್ ಮತ್ತು ಲೋಯಿಸ್ ಆಂಡರ್ಸನ್ 1956ರಲ್ಲಿಯೇ ಕಂಡುಕೊಂಡಿದ್ದರು. ಅಂದರೆ ಮನಸ್ಸಿನಲ್ಲಿ ಹಿಡಿದುಕೊಂಡ ಬಣ್ಣವು ಕಣ್ಣಿನ ಮುಂದಿರುವ ದೃಶ್ಯವನ್ನು ಮೊದಲೇ ಜಾಲಿಸಿ ಕೊಡುತ್ತದೆ, ಬಿಡಿಬಿಡಿಯಾಗಿ ನೋಡುವ ಕೆಲಸ ಉಳಿದದ್ದರ ಮೇಲೆ ಮಾತ್ರ ನಡೆಯುತ್ತದೆ. 1989ರಲ್ಲಿ ಜೆರೆಮಿ ವುಲ್ಫ್ ಮತ್ತು ಸಂಗಡಿಗರು ಮುಂದಿಟ್ಟ ‘ಮಾರ್ಗದರ್ಶಿತ ಹುಡುಕಾಟ’ದ ಮಾದರಿಯ ಬುನಾದಿ ಇದೇ. ಮಿದುಳಿನ ಮಟ್ಟದಲ್ಲಿಯೂ ಇದರ ಗುರುತು ಸಿಕ್ಕಿದೆ. ಮಕಾಕ್ ಕೋತಿಗಳ ವಿ4 ಎಂಬ ದೃಷ್ಟಿ ಪ್ರದೇಶವನ್ನು ಅಧ್ಯಯನ ಮಾಡಿದ ಬಿಶೋ, ರಾಸ್ಸಿ ಮತ್ತು ಡೆಸಿಮೋನ್ 2005ರಲ್ಲಿ ವರದಿ ಮಾಡಿದಂತೆ, ಕೋತಿ ಒಂದು ಬಣ್ಣವನ್ನು ಹುಡುಕುತ್ತಿರುವಾಗ ಆ ಬಣ್ಣಕ್ಕೆ ಒಲಿದ ನರಕೋಶಗಳ ಸ್ಪಂದನ, ಕಣ್ಣು ಆ ವಸ್ತುವಿನ ಕಡೆ ಇನ್ನೂ ಹೊರಳದಿದ್ದಾಗಲೇ ಹೆಚ್ಚಾಗುತ್ತದೆ. ಕೈಗಿಂತ ಕಣ್ಣು ಒಂದು ಹೆಜ್ಜೆ ಮುಂದಿದ್ದರೆ, ಕಣ್ಣಿಗಿಂತ ಗಮನ ಇನ್ನೂ ಒಂದು ಹೆಜ್ಜೆ ಮುಂದಿರುತ್ತದೆ.

ಈ ಹಿನ್ನೆಲೆಯಲ್ಲಿ ಹಳದಿಗೆ ಎದುರಾದ ತೊಂದರೆಗಳನ್ನು ನೋಡೋಣ. ಮೊದಲನೆಯದು ಬರಿಯ ಬಣ್ಣದ ಅಂತರಕ್ಕೆ ಸಂಬಂಧಿಸಿದ್ದು. ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಮೂರು ಬಗೆಯ ಶಂಕುಕೋಶಗಳು ಸುಮಾರು 420, 530 ಮತ್ತು 560 ನ್ಯಾನೋಮೀಟರ್ ಅಲೆಯುದ್ದಗಳಲ್ಲಿ ಅತಿ ಹೆಚ್ಚು ಸ್ಪಂದಿಸುತ್ತವೆ. ಕೆಂಪು–ಹಸಿರಿನ ಅರಿವು ಹುಟ್ಟುವುದು ಕೊನೆಯ ಎರಡರ ನಡುವಿನ ವ್ಯತ್ಯಾಸದಿಂದ. ಹಣ್ಣು ತಿನ್ನುವ ವಾನರಗಳಿಗೆ ಎಲೆಗಳ ನಡುವೆ ಹಣ್ಣು ಕಾಣಲೆಂದೇ ಈ ವ್ಯವಸ್ಥೆ ಉಳಿದು ಬೆಳೆಯಿತು ಎಂಬ ವಾದವಿದೆ, ಕೆಂಪು ಚಿಗುರೆಲೆ ಕಾಣಲೆಂದು ಎನ್ನುವವರೂ ಇದ್ದಾರೆ. ಅದೇನೇ ಇರಲಿ, ಕೆಂಪು ತಳಿಯಲ್ಲಿ ಹಣ್ಣು ದೋರೆಯಿಂದ ಮಾಗಿದ ಸ್ಥಿತಿಗೆ ಬರುವಾಗ ಈ ವ್ಯತ್ಯಾಸದಲ್ಲಿ ಒಂದು ದೊಡ್ಡ ನೆಗೆತವಾಗುತ್ತದೆ. ಹಳದಿ ತಳಿಯಲ್ಲಿ ಆ ಕೊನೆಯ ನೆಗೆತವೇ ಇಲ್ಲ. ಹಸಿರು ಮೆಲ್ಲಗೆ ತಿಳಿಯಾಗಿ ಹಳದಿಯಾಗುತ್ತದೆ, ಗೆರೆ ಎಲ್ಲಿ ಎಳೆಯಬೇಕೆಂದು ತಿಳಿಯುವುದಿಲ್ಲ.

ಜೊತೆಗೆ ತೋಟದೊಳಗೆ ಹಳದಿಗೆ ಪೈಪೋಟಿ ಹೆಚ್ಚು. ಉದುರಲು ಸಿದ್ಧವಾದ ಮುದಿ ಎಲೆ ಹಳದಿ, ನೆರಳಿಗಾಗಿ ಬೆಳೆಸಿದ ಸಿಲ್ವರ್ ಮರಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆ ಹಸಿರೆಲೆಯ ಮೇಲೆ ಹಳದಿಯಾಗಿಯೇ ತೋರುತ್ತದೆ. ಕೆಂಪಿಗೆ ಅಂಥ ಎದುರಾಳಿಗಳು ಅಲ್ಲಿ ಕಡಿಮೆ. ಗುರಿ ಮತ್ತು ಇತರ ವಸ್ತುಗಳ ನಡುವಿನ ಹೋಲಿಕೆ ಹೆಚ್ಚಿದಷ್ಟೂ, ಆ ಇತರ ವಸ್ತುಗಳು ತಮ್ಮೊಳಗೇ ಬಗೆಬಗೆಯಾಗಿದ್ದಷ್ಟೂ ಹುಡುಕಾಟ ಕಷ್ಟವಾಗುತ್ತದೆ ಎಂದು ಜಾನ್ ಡಂಕನ್ ಮತ್ತು ಗ್ಲಿನ್ ಹಂಫ್ರೀಸ್ 1989ರಲ್ಲಿ ನಿರೂಪಿಸಿದ್ದರು. ಈ ಬ್ಲಾಕಿನಲ್ಲಿ ಎರಡೂ ಕಷ್ಟಗಳು ಒಟ್ಟಿಗೇ ಇದ್ದವು.

ಇಷ್ಟೇ ಆಗಿದ್ದರೆ ಬರೀ ಹಳದಿ ಗಿಡಗಳಿರುವ ತೋಟದಲ್ಲಿಯೂ ಇದೇ ಮಟ್ಟದ ಗೊಂದಲವಿರಬೇಕಿತ್ತು. ಈ ತಂಡದ ಕೆಲವರು ಬೇರೆಡೆ ಅಂಥ ತೋಟದಲ್ಲಿ ಕೊಯ್ದವರು. ಒಂದೆರಡು ದಿನ ನಿಧಾನವಾದರೂ ಆಮೇಲೆ ಕೈ ಕುದುರುತ್ತದೆ ಎಂದು ಅವರು ಹೇಳಿದರು. ಅದಕ್ಕೊಂದು ವಿವರಣೆಯೂ ಇದೆ. ಸ್ಟೆಫಾನಿ ಬೆಕರ್ 2010ರಿಂದೀಚೆಗೆ ಪ್ರತಿಪಾದಿಸಿಕೊಂಡು ಬಂದಿರುವಂತೆ, ಗಮನವು ಅನೇಕ ವೇಳೆ ಒಂದು ನಿಶ್ಚಿತ ಬಣ್ಣಕ್ಕಿಂತ ಹೆಚ್ಚಾಗಿ ‘ಸುತ್ತಲಿನವುಗಳಿಗಿಂತ ಹೆಚ್ಚು ಕೆಂಪು’, ‘ಸುತ್ತಲಿನವುಗಳಿಗಿಂತ ಹೆಚ್ಚು ಹಳದಿ’ ಎಂಬ ಸಂಬಂಧವನ್ನು ಹಿಡಿದುಕೊಂಡು ಸಾಗುತ್ತದೆ. ಬರೀ ಹಳದಿ ಗಿಡದಲ್ಲಿ ‘ಹಸಿರಿನಿಂದ ಅತಿ ದೂರ ಸರಿದದ್ದು’ ಎಂದರೆ ಮಾಗಿದ ಹಣ್ಣು, ಬರೀ ಕೆಂಪು ಗಿಡದಲ್ಲಿಯೂ ಹಾಗೆಯೇ. ನಿಯಮ ಒಂದೇ. ಬೆರಕೆ ಸಾಲಿನಲ್ಲಿ ಮಾತ್ರ ಅದು ಕೈಕೊಡುತ್ತದೆ, ಏಕೆಂದರೆ ಅಲ್ಲಿ ಹಳದಿ ನಟ್ಟನಡುವೆ ಸಿಕ್ಕಿಬೀಳುತ್ತದೆ, ಒಂದು ಬದಿಗೆ ಹಸಿರು, ಇನ್ನೊಂದು ಬದಿಗೆ ಕೆಂಪು. ಬಣ್ಣಗಳ ನಕ್ಷೆಯಲ್ಲಿ ಬೇಡದ ಎರಡು ಬಣ್ಣಗಳ ನಡುವಿನ ಗೆರೆಯ ಮೇಲೆಯೇ ಬೇಕಾದ ಬಣ್ಣ ಇದ್ದರೆ ಹುಡುಕಾಟ ಕಷ್ಟವಾಗುತ್ತದೆ ಎಂಬುದನ್ನು 1991ರಲ್ಲಿ ಡಿ'ಝ್ಮೂರಾ, 1996ರಲ್ಲಿ ಬಾವರ್, ಜೋಲಿಕೂರ್ ಮತ್ತು ಕೋವನ್ ತೋರಿಸಿದ್ದಾರೆ. ಹಳದಿ ಗಿಡದಲ್ಲಿ ಕೊಯ್ಯುವಾಗ ಕಣ್ಣು ಪಕ್ಕದ ಕೆಂಪಿಗೆ ಹಾರಿ ಹಾರಿ ಹೋಗುತ್ತಿದ್ದುದಕ್ಕೆ ಇದು ಹೊಂದುತ್ತದೆ.

ಮಾಗಿದ್ದು ಉಳಿಯಲು ಇದು ಕಾರಣವಾದರೆ, ಕಾಯಿ ಚೀಲಕ್ಕೆ ಬೀಳಲು ಇನ್ನೊಂದು ಕಾರಣವಿದೆ. ನನ್ನ ಮಟ್ಟಿಗೆ ಪ್ರಕರಣದ ಮೂಲ ಅದೇ. ವಾಲ್ಟರ್ ಶ್ನೈಡರ್ ಮತ್ತು ರಿಚರ್ಡ್ ಶಿಫ್ರಿನ್ 1977ರಲ್ಲಿ ಅಕ್ಷರ ಮತ್ತು ಅಂಕಿಗಳನ್ನು ಬಳಸಿ ನಡೆಸಿದ ಪ್ರಯೋಗಗಳಲ್ಲಿ, ಗುರಿಯಾದದ್ದು ಎಂದೆಂದಿಗೂ ಗುರಿಯಾಗಿಯೇ ಉಳಿದರೆ ಅಭ್ಯಾಸದಿಂದ ಹುಡುಕಾಟ ತಾನಾಗಿ ನಡೆಯುವ ಹಂತಕ್ಕೆ ಬರುತ್ತದೆಂದೂ, ಈಗ ಗುರಿಯಾದದ್ದು ಇನ್ನೊಂದು ಕ್ಷಣಕ್ಕೆ ಬೇಡವಾದದ್ದಾದರೆ ಎಷ್ಟು ಅಭ್ಯಾಸ ಮಾಡಿದರೂ ಆ ಸಲೀಸು ಬರುವುದಿಲ್ಲವೆಂದೂ ಕಂಡುಬಂದಿತು. ವರ್ಷಗಟ್ಟಲೆ ಕೆಂಪು ಹಣ್ಣು ಕೊಯ್ದ ಕೈಗೆ ಹಳದಿ ಎಂದರೆ ‘ಬಿಡು’. ಆ ‘ಬಿಡು’ ಎಂಬುದು ಯೋಚನೆಯಿಲ್ಲದೆ ನಡೆಯುವಷ್ಟು ಗಟ್ಟಿಯಾಗಿತ್ತು. ಹಳದಿ ಗಿಡದ ಮುಂದೆ ಅದನ್ನು ಬಲವಂತವಾಗಿ ‘ಕೊಯ್ಯಿ’ ಎಂದು ತಿರುಗಿಸಬೇಕು, ನಾಲ್ಕು ಹೆಜ್ಜೆ ಆಚೆ ಮತ್ತೆ ‘ಬಿಡು’ ಎಂದು ಹಿಂದಿರುಗಿಸಬೇಕು. ಹೀಗೆ ತಿರುಗಿಸಿದ್ದು ತಕ್ಷಣ ಅಳಿಸಿಹೋಗುವುದೂ ಇಲ್ಲ. ಈಗಷ್ಟೇ ಹುಡುಕಿದ ಬಣ್ಣ ಮುಂದಿನ ಹಲವು ಹುಡುಕಾಟಗಳಿಗೆ ಗಮನವನ್ನು ತನ್ನ ಕಡೆ ಎಳೆಯುತ್ತಲೇ ಇರುತ್ತದೆ ಎಂಬುದು ಮಾಲ್ಕೋವಿಚ್ ಮತ್ತು ನಕಯಾಮಾ ಅವರ 1994ರ ಶೋಧನೆ. ತಪ್ಪುಗಳು ದಾಟುವ ಜಾಗಗಳಲ್ಲೇ ಗುಂಪುಗಟ್ಟಿದ್ದುದು ಇದರಿಂದ ಅರ್ಥವಾಗುತ್ತದೆ. ಯಾವ ಗಿಡದಲ್ಲಿ ಏನು ಕೊಯ್ಯಬೇಕೆಂದು ಆ ಹೆಂಗಸಿಗೆ ಗೊತ್ತಿತ್ತು. ಗೊತ್ತಿದ್ದದ್ದು ಕೈಗೆ ಇಳಿಯುವಷ್ಟು ಹೊತ್ತನ್ನು ಆ ಸಾಲು ಕೊಡುತ್ತಿರಲಿಲ್ಲ.

ಮಾಡಿದ ಬದಲಾವಣೆ

ಮೊದಲ ಯತ್ನವಾಗಿ ಮಾಲೀಕರು ಹಳದಿ ಗಿಡಗಳಿಗೆಲ್ಲ ಗುರುತಿಗೆಂದು ಪಟ್ಟಿ ಕಟ್ಟಿಸಲು ಹೊರಟರು. ಗೊಬ್ಬರದ ಚೀಲದಿಂದ ಹರಿದ ಹಳದಿ ಪಟ್ಟಿಗಳು ಸಿದ್ಧವಾಗಿದ್ದವು. ಹಳದಿ ಗಿಡಕ್ಕೆ ಹಳದಿ ಗುರುತು ಎಂಬ ತರ್ಕ ಸಹಜವೇ, ಆದರೆ ಹುಡುಕುವ ಬಣ್ಣದ್ದೇ ಇನ್ನೊಂದು ವಸ್ತುವನ್ನು ಗಿಡಕ್ಕೆ ಕಟ್ಟಿದರೆ ಕಣ್ಣು ಮೊದಲು ಹೋಗುವುದು ಪಟ್ಟಿಗೆ. ಗಿಡದಲ್ಲಾಗಲೀ ಹಣ್ಣಿನಲ್ಲಾಗಲೀ ಇಲ್ಲದ ನೀಲಿ ಬಣ್ಣದ ಪಟ್ಟಿ ಕಟ್ಟಲು ಸೂಚಿಸಿದೆ. ಅದರಿಂದ ಇದು ಯಾವ ಗಿಡ ಎಂಬ ಅನುಮಾನ ತಪ್ಪಿತು. ಚೀಲದಲ್ಲಿನ ಕಾಯಿ ಮಾತ್ರ ಅಂದುಕೊಂಡಷ್ಟು ಇಳಿಯಲಿಲ್ಲ, ಏಕೆಂದರೆ ಗಿಡದಿಂದ ಗಿಡಕ್ಕೆ ಕಣ್ಣು ತಿರುಗಿಸಬೇಕಾದ ಹೊರೆ ಹಾಗೆಯೇ ಉಳಿದಿತ್ತು.

ಎರಡನೆಯ ಬದಲಾವಣೆ ಕೆಲಸ ಮಾಡಿತು. ಇಡೀ ಬ್ಲಾಕಿನಲ್ಲಿ ಮೊದಲು ಕೆಂಪನ್ನಷ್ಟೇ ಕೊಯ್ಯುವುದು, ನೀಲಿ ಪಟ್ಟಿ ಇರುವ ಗಿಡಗಳನ್ನು ಮುಟ್ಟದೆ ಮುಂದೆ ಹೋಗುವುದು, ಬೇರೆ ದಿನ ಅದೇ ಬ್ಲಾಕಿಗೆ ಮರಳಿ ಪಟ್ಟಿ ಇರುವ ಗಿಡಗಳನ್ನಷ್ಟೇ ಕೊಯ್ಯುವುದು. ವಿಮಾನ ನಿಲ್ದಾಣಗಳ ಸಾಮಾನು ತಪಾಸಣೆಯ ಬಗ್ಗೆ ಟ್ಯಾಮರಿನ್ ಮೆನೀರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು. ಎರಡು ಬಗೆಯ ಗುರಿಗಳನ್ನು ಒಬ್ಬರೇ ಒಟ್ಟಿಗೆ ಹುಡುಕುವುದಕ್ಕಿಂತ ಒಂದೊಂದನ್ನು ಬೇರೆಬೇರೆಯಾಗಿ ಹುಡುಕಿದರೆ ತಪ್ಪು ಕಡಿಮೆ.

ಸಾಲಿನಲ್ಲಿ ಎರಡು ಸಲ ನಡೆಯಬೇಕಾದ್ದರಿಂದ ಕೂಲಿ ದಂಡವಾಗುತ್ತದೆ ಎಂದು ರೈಟರು ಆಕ್ಷೇಪಿಸಿದರು. ಆ ಮಾತಿನಲ್ಲಿ ಹುರುಳಿತ್ತು. ಆದರೆ ಕಣದಲ್ಲಿ ಕಾಯಿ ಆರಿಸಲು ಕೂರಿಸುತ್ತಿದ್ದ ಆಳುಗಳ ಸಂಬಳವನ್ನು ಅವರು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ, ಮಾಲೀಕರು ತಂದುಕೊಂಡರು. ಹಳದಿ ದಿನದಂದು ಬೆಳಿಗ್ಗೆ ಸ್ವಲ್ಪ ಹೊತ್ತು ಎಲ್ಲರ ಕೈಯೂ ತಡವರಿಸುತ್ತಿತ್ತು, ಆಮೇಲೆ ಅವರದೇ ಓಟ ಸಿಗುತ್ತಿತ್ತು. ಮಂಜು ಕವಿದ ಬೆಳಗಿನಲ್ಲಿ ಮತ್ತು ಸಂಜೆ ನೆರಳು ದಟ್ಟವಾದ ಮೇಲೆ ಹಳದಿ ಕೊಯ್ಯದಿರುವ ಪದ್ಧತಿಯನ್ನು ಮೇಸ್ತ್ರಿ ತಾವಾಗಿಯೇ ಜಾರಿಗೆ ತಂದರು.

ಇದನ್ನು ಪ್ರಯೋಗವೆಂದು ಕರೆಯಲಾಗದು. ಕೆಂಪನ್ನು ಮೊದಲು ಕೊಯ್ದದ್ದರಿಂದ ಹಳದಿ ದಿನದಂದು ಕಣ್ಣು ಸೆಳೆಯಲು ಕೆಂಪೇ ಉಳಿದಿರಲಿಲ್ಲ. ಆದ್ದರಿಂದ ಸುಧಾರಣೆಯಲ್ಲಿ ಎಷ್ಟು ಪಾಲು ಬಣ್ಣ ಬದಲಿಸುವ ಹೊರೆ ತಪ್ಪಿದ್ದರಿಂದ, ಎಷ್ಟು ಪಾಲು ಪೈಪೋಟಿಯ ಬಣ್ಣ ಇಲ್ಲವಾದದ್ದರಿಂದ ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಹಳದಿಯನ್ನು ಮೊದಲು ಕೊಯ್ದು ನೋಡಿದ್ದರೆ ಬಿಡಿಸಬಹುದಿತ್ತು, ಆದರೆ ಗಿಡದಲ್ಲೇ ಒಣಗತೊಡಗಿದ್ದ ಕೆಂಪು ಹಣ್ಣನ್ನು ನನ್ನ ಕುತೂಹಲಕ್ಕಾಗಿ ಕಾಯಿಸಲು ಮಾಲೀಕರು ಒಪ್ಪುವಂತಿರಲಿಲ್ಲ.

ಕಣದಲ್ಲಿ ಆರಿಸುವ ಕೆಲಸದಲ್ಲಿಯೂ ಒಂದು ಸಣ್ಣ ತಿದ್ದುಪಡಿ ಆಯಿತು. ಮೊದಲು ಅಲ್ಲಿ ‘ಒಳ್ಳೆಯ ಹಣ್ಣು ಈಚೆ ಹಾಕಿ’ ಎಂದು ಹೇಳಲಾಗುತ್ತಿತ್ತು, ಈಗ ‘ಹಸಿರು ಕಂಡರೆ ತೆಗೆಯಿರಿ’ ಎಂದಷ್ಟೇ ಹೇಳಲಾಗುತ್ತದೆ. ಹಸಿರು ಎರಡೂ ತಳಿಗಳಲ್ಲಿ ಬೇಡದ್ದೇ ಆಗಿರುವುದರಿಂದ ಇಲ್ಲಿ ಗುರಿ ಎಂದೂ ಬದಲಾಗುವುದಿಲ್ಲ, ಹೊಸಬರೂ ಬೇಗ ಕಲಿತರು. ಆದರೂ ಕೆಂಪು ಗಿಡದ ಹಳದಿ ದೋರೆಗಾಯಿ ಆಕಸ್ಮಿಕವಾಗಿ ಹಳದಿ ಹಣ್ಣಿನ ರಾಶಿಗೆ ಸೇರಿದರೆ ಅದನ್ನು ಯಾವ ಕಣ್ಣೂ ಹಿಡಿಯಲಾರದು, ಹಿಸುಕಿ ನೋಡಿದರೆ ಮಾತ್ರ ತಿಳಿಯುತ್ತದೆ. ಅದಕ್ಕಾಗಿ ಎರಡೂ ದಿನಗಳ ಹಣ್ಣನ್ನು ಬೇರೆ ಬೇರೆ ಚೀಲ, ಬೇರೆ ಬೇರೆ ತೊಟ್ಟಿಗಳಲ್ಲಿ ಇಡಲಾಗುತ್ತಿದೆ. ಕೊರಕ ಹತ್ತಿ ಗಿಡ ಸತ್ತ ಕಡೆ ಇನ್ನು ಮುಂದೆ ಎಸ್. 795 ಸಸಿಗಳನ್ನೇ ನೆಡುವುದಾಗಿಯೂ, ಹಳದಿಯನ್ನು ಬೆಳೆಸುವುದಾದರೆ ಹೊಳೆ ಬದಿಯ ಖಾಲಿ ಜಾಗದಲ್ಲಿ ಪ್ರತ್ಯೇಕವಾಗಿ ಬೆಳೆಸುವುದಾಗಿಯೂ ಮಾಲೀಕರು ತೀರ್ಮಾನಿಸಿದ್ದಾರೆ.